‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಿಕೆಯ ಲಕ್ಷ್ಯ-ಲಕ್ಷಣ ವಿಚಾರ

೧

ಸಂಗೀತಶಾಸ್ತ್ರದಲ್ಲಿ ಲಕ್ಷ್ಯವೆಂದರೆ ಪ್ರಯೋಗದಲ್ಲಿ ಪ್ರತ್ಯಕ್ಷವಾಗಿ ಕೇಳಿಬರುವ ಸಂಗೀತ; ಲಕ್ಷಣವೆಂದರೆ ಅದರ ಸ್ವರೂಪವನ್ನು ನಿರ್ಣಯಿಸಲು ಶಾಸ್ತ್ರಜ್ಞರು ಆಡುವ ಮಾತು. ಇವೆರಡರಲ್ಲಿ ವಿರೋಧವು ತೋರಿಬಂದರೆ ಲಕ್ಷ್ಯವನ್ನು ಕೈಬಿಡದೆ ಲಕ್ಷಣವನ್ನೇ ತಿದ್ದಿಕೊಳ್ಳಬೇಕಾಗುವುದು. ಈ ವಿವೇಕವು ಭಾರತೀಯ ಸಂಗೀತಕ್ಕೆ ಮಾತ್ರ ಸಲ್ಲತಕ್ಕದ್ದಲ್ಲ. ಅಮೆರಿಕ ದೇಶದ ಜಾಝ್ ಸಂಗೀತದಲ್ಲಿ ಬಹು ಮಾನ್ಯತೆಯನ್ನು ಪಡೆದಿರುವ ‘ಕೈಂಡ್ ಆಫ್ ಬ್ಲೂ’ ಎಂಬ ಧ್ವನಿಮುದ್ರಿಕೆಯ ವಿಷಯದಲ್ಲಿಯೂ ಅದು ಅವಶ್ಯಕವಾಗಿದೆ. ಟ್ರಂಪೆಟ್ ವಾದಕನಾದ ಮೈಲ್ಸ್ ಡೇವಿಸನ (೧೯೨೬–೧೯೯೧) ನಾಯಕತ್ವದಲ್ಲಿ ೧೯೫೯ರಲ್ಲಿ ಸಿದ್ಧವಾದ ಈ ಮುದ್ರಿಕೆಗೆ ‘ಮೋಡಲ್ ಜಾಝ್’ ಎಂಬ ಒಂದೇ ಲಕ್ಷಣವನ್ನು ಹೇಳಿ ಮುಗಿಸುವುದು ರೂಢಿಯಾಗಿದೆ. ಆ ಲಕ್ಷಣವು ಲಕ್ಷ್ಯಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ, ಹೊಂದದಿದ್ದರೆ ಈ ಐದು ರಚನೆಗಳಿಗೆ ಏಕತೆಯನ್ನು ತಂದುಕೊಟ್ಟಿರುವುದು ಯಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಜಾಝ್ ವಾದನದ ಕ್ರಮವನ್ನು ಸಂಕ್ಷೇಪವಾಗಿ ತಿಳಿಯಬೇಕು. ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ಈ ಸಂಗೀತದಲ್ಲಿ, ವಾದಕರೆಲ್ಲ ಕೂಡಿ ಒಂದು ಧಾಟಿಯನ್ನು ಮೊದಲು ನುಡಿಸುವರು; ತರುವಾಯ ಒಬ್ಬೊಬ್ಬನೂ ತನ್ನ ಸರದಿಯಲ್ಲಿ ಆ ಧಾಟಿಯ ಚೌಕಟ್ಟನ್ನು ಮೀರದೆ ಮನೋಧರ್ಮದಿಂದ ಹೊಸದನ್ನು ಕಲ್ಪಿಸುವನು; ಕೊನೆಗೆ ಧಾಟಿಯು ಮತ್ತೆ ಬರುವುದು. ಚೌಕಟ್ಟು ಎಂದರೆ ಎರಡು ವಸ್ತು. ಒಂದು ಕಾಲಪ್ರಮಾಣ. ಬಾರ್ ಎಂಬ ಕಾಲಖಂಡವು ಸಾಮಾನ್ಯವಾಗಿ ನಾಲ್ಕು ಮಾತ್ರೆಗಳದು. ಛಂದಸ್ಸನ್ನು ಬಲ್ಲವರು ಅದನ್ನು ಚತುರ್ಮಾತ್ರಾಗಣವೆಂದು ಭಾವಿಸಬಹುದು. ಇಂಥ ಮೂವತ್ತೆರಡು ಅಥವಾ ಹನ್ನೆರಡು ಗಣಗಳು ಸೇರಿ ಒಂದು ಆವೃತ್ತಿಯಾಗುವುದು. ಎರಡನೆಯದು ಕಾರ್ಡ್‌ಗಳ ಸಾಲು. ಮೂರು ನಾಲ್ಕು ಸ್ವರಗಳು ಏಕಕಾಲದಲ್ಲಿ ಧ್ವನಿಸುವುದಕ್ಕೆ ಕಾರ್ಡ್ ಎಂದು ಹೆಸರು. ಇಲ್ಲಿ ಅದನ್ನು ಸ್ವರಗುಚ್ಛವೆಂದು ಕರೆಯೋಣವಾಗಲಿ. ಆವೃತ್ತಿಯ ಯಾವ ಗಣದಲ್ಲಿ ಯಾವ ಸ್ವರಗುಚ್ಛ ಬರಬೇಕೆಂಬುದು ನಿಯತವಾಗಿರುವುದು. ವಾದಕನು ಕಲ್ಪಿಸುವ ಸ್ವರಗಳು ಆಯಾ ಕ್ಷಣದ ಗುಚ್ಛಕ್ಕೆ ಹೊಂದಬೇಕು.

೧೯೪೦ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಝಿ ಗಿಲ್ಲೆಸ್ಪಿ ಮೊದಲಾದವರು ಪ್ರವರ್ತಿಸಿದ ‘ಬೀಬಾಪ್’ ಶೈಲಿಯಲ್ಲಿ ಈ ಗುಚ್ಛಗಳ ಸಂಖ್ಯೆಯೂ ಅವು ಬದಲಾಗುವ ವೇಗವೂ ಬಹಳವಾಗಿ ಹೆಚ್ಚಿದುವು. ಒಂದೊಂದು ಗಣದಲ್ಲಿ ಎರಡೆರಡು ಗುಚ್ಛಗಳು ಬಂದು ಹೋಗುತ್ತಿರಲು, ವಾದಕನ ಶಕ್ತಿಯೆಲ್ಲ ಅವುಗಳನ್ನು ತಪ್ಪದೆ ದಾಟುವುದರಲ್ಲಿಯೇ ವ್ಯಯವಾಗುವ ಸಂಭವವಿತ್ತು. ಚಿತ್ರಕಾವ್ಯವನ್ನು ರಚಿಸುವ ಕವಿಯ ಚಾತುರ್ಯವು ಬಂಧದ ನಿಯಮವನ್ನು ಪಾಲಿಸುವುದರಲ್ಲಿ ಮುಗಿದು, ಭಾವಕ್ಕೆ ಎಡೆ ಸಾಲದೆ ಹೋಗುವಂತೆ ಇದು. ಪಾರ್ಕರನ ತಂಡದಲ್ಲಿಯೇ ತರುಣನಾಗಿ ಪಳಗಿದ ಡೇವಿಸನು ಈ ಮಾರ್ಗದ ಗುಣದೋಷಗಳೆರಡನ್ನೂ ಬಲ್ಲವನಾಗಿದ್ದನು. ಗುಚ್ಛಗಳು ಕಡಮೆಯಾದಷ್ಟೂ ಅವುಗಳಿಂದ ಏನು ಮಾಡಬಹುದೆಂಬುದಕ್ಕೆ ಮಿತಿಯಿಲ್ಲವಾಗುವುದೆಂಬ ಅಭಿಪ್ರಾಯವನ್ನು ಅವನು ೧೯೫೮ರಲ್ಲಿ ವಿಮರ್ಶಕ ನ್ಯಾಟ್ ಹೆಂಟಾಫನೊಡನೆ ಆಡಿದ ಮಾತಿನಲ್ಲಿ ಸ್ಪಷ್ಟಪಡಿಸಿದನು. ಗುಚ್ಛಗಳ ಸಾಲಿಗೆ ಬದಲಾಗಿ ಸ್ವರಶ್ರೇಣಿಗಳನ್ನು ಆಧಾರವಾಗಿ ಹಿಡಿಯುವ ವಿಚಾರವನ್ನು ಜಾರ್ಜ್ ರಸೆಲ್ ಎಂಬ ಲಾಕ್ಷಣಿಕನು ೧೯೫೩ರಲ್ಲಿಯೇ ಗ್ರಂಥರೂಪವಾಗಿ ಪ್ರತಿಪಾದಿಸಿದ್ದನು. ಇಂಥ ಶ್ರೇಣಿಗೆ ‘ಮೋಡ್’ ಎಂದು ಹೆಸರು. ‘ಮೋಡಲ್’ ಎಂಬುದು ಅದರಿಂದ ಬಂದ ವಿಶೇಷಣ.

೨

ಮುದ್ರಣವು ನ್ಯೂಯಾರ್ಕ್ ನಗರದ ೩೦ನೆಯ ಬೀದಿಯಲ್ಲಿ, ಹಿಂದೆ ಚರ್ಚಾಗಿದ್ದು ಆಮೇಲೆ ಕೊಲಂಬಿಯಾ ಸಂಸ್ಥೆಯ ಮುದ್ರಣಶಾಲೆಯಾದ ಎತ್ತರವಾದ ಕಟ್ಟಡದಲ್ಲಿ, ೧೯೫೯ರ ಮಾರ್ಚ್ ೨ ಮತ್ತು ಏಪ್ರಿಲ್ ೨೨ ಈ ಎರಡು ದಿನಗಳಲ್ಲಿ ನಡೆಯಿತು. ಮೊದಲ ದಿನ ‘ಫ್ರೆಡಿ ಫ್ರೀಲೋಡರ್’, ‘ಸೋ ವಾಟ್’, ‘ಬ್ಲೂ ಇನ್ ಗ್ರೀನ್’ ಎಂಬ ಮೂರು ರಚನೆಗಳೂ, ಎರಡನೆಯ ದಿನ ‘ಫ್ಲಾಮೆಂಕೊ ಸ್ಕೆಚಸ್’, ‘ಆಲ್ ಬ್ಲೂಸ್’ ಎಂಬ ಎರಡೂ ಮುದ್ರಿತವಾದುವು. ಡೇವಿಸನೊಡನೆ ಆಲ್ಟೊ ಸ್ಯಾಕ್ಸಫೋನಿನಲ್ಲಿ ಜೂಲಿಯನ್ ಆಡರ್ಲಿ, ಟೆನರ್ ಸ್ಯಾಕ್ಸಫೋನಿನಲ್ಲಿ ಜಾನ್ ಕೋಲ್ಟ್ರೇನ್, ಪಿಯಾನೊದಲ್ಲಿ ಬಿಲ್ ಎವಾನ್ಸ್, ಬಾಸ್ ಎಂಬ ದೊಡ್ಡ ತಂತೀವಾದ್ಯದಲ್ಲಿ ಪಾಲ್ ಚೇಂಬರ್ಸ್, ಡ್ರಮ್ಮಿನಲ್ಲಿ ಜಿಮ್ಮಿ ಕಾಬ್ ಇದ್ದರು. ಎವಾನ್ಸನು ೧೯೫೮ರಲ್ಲಿಯೇ ತಂಡವನ್ನು ಬಿಟ್ಟಿದ್ದರೂ ಇದಕ್ಕಾಗಿ ಮತ್ತೆ ಕರೆಯಲ್ಪಟ್ಟನು. ಅಂದಿನ ಖಾಯಂ ಪಿಯಾನೊ ವಾದಕನಾಗಿದ್ದ ವಿಂಟನ್ ಕೆಲಿಯು ‘ಫ್ರೆಡಿ ಫ್ರೀಲೋಡರ್’ ಒಂದರಲ್ಲಿ ಮಾತ್ರ ನುಡಿಸಿದನು. ‘ಬ್ಲೂ ಇನ್ ಗ್ರೀನ್’ ರಚನೆಯಲ್ಲಿ ಆಡರ್ಲಿಯ ವಾದನವಿಲ್ಲ. ತಟ್ಟೆಯು ೧೯೫೯ರ ಆಗಸ್ಟ್ ೧೭ರಂದು ಪ್ರಕಟವಾಯಿತು.

ಹೆಸರಿನಲ್ಲಿಯೇ ಒಂದು ಶ್ಲೇಷವಿದೆ. ನೀಲವರ್ಣವನ್ನು ಹೇಳುವ ‘ಬ್ಲೂ’ ಎಂಬ ಶಬ್ದಕ್ಕೆ ಇಂಗ್ಲಿಷಿನಲ್ಲಿ ವಿಷಾದವೆಂಬ ಅರ್ಥವೂ ಉಂಟು. ಕಪ್ಪು ಜನರ ‘ಬ್ಲೂಸ್’ ಎಂಬ ಗೀತಜಾತಿಯ ಹೆಸರೂ ಅದಕ್ಕೆ ಸಂಬಂಧಪಟ್ಟದ್ದು. ‘ಕೈಂಡ್ ಆಫ್’ ಎಂಬುದು ‘ಒಂದು ಬಗೆಯ’ ಎಂದೂ ‘ಏನೋ ಸ್ವಲ್ಪ’ ಎಂದೂ ಎರಡು ಬಗೆಯಾಗಿ ಅನ್ವಯಿಸುವುದು. ಹೀಗೆ ಹೆಸರು ತನ್ನ ವಸ್ತುವನ್ನು ನಿಶ್ಚಯಿಸಿ ಹೇಳದೆ, ಸಮೀಪಕ್ಕೆ ಬಂದು ನಿಲ್ಲುವುದು.

೩

ಲಕ್ಷಣವನ್ನು ಪರೀಕ್ಷಿಸುವ ಮುನ್ನ ಪಾಠವು ಶುದ್ಧವಾಗಿರಬೇಕು. ಓಲೆಯ ಪ್ರತಿಗಳಲ್ಲಿ ಲೇಖಕರ ಪ್ರಮಾದದಿಂದ ಪಾಠವು ಕೆಡುವುದುಂಟು. ಯಂತ್ರದಿಂದಾದ ಮುದ್ರಿಕೆಗೆ ಈ ಭಯವಿಲ್ಲವೆಂದು ಭಾವಿಸುವುದು ಸಹಜ. ಆದರೆ ಈ ತಟ್ಟೆಯ ಇತಿಹಾಸವು ಹಾಗಲ್ಲವೆಂದು ತೋರಿಸುತ್ತದೆ.

ಮೊದಲನೆಯ ದೋಷವು ಶ್ರುತಿಗೆ ಸಂಬಂಧಿಸಿದ್ದು. ಮಾರ್ಚ್ ೨ರಂದು ಮುಖ್ಯ ಯಂತ್ರದಲ್ಲಿ ಟೇಪು ನಿಯತ ವೇಗಕ್ಕಿಂತ ಸ್ವಲ್ಪ ನಿಧಾನವಾಗಿ ಓಡಿತು. ಅದನ್ನು ಸರಿಯಾದ ವೇಗದ ಯಂತ್ರದಲ್ಲಿ ನುಡಿಸಿದಾಗ ಆ ದಿನದ ಮೂರು ರಚನೆಗಳೂ ವಾಸ್ತವಕ್ಕಿಂತ ವೇಗವಾಗಿಯೂ, ಅರ್ಧಸ್ವರಕ್ಕೆ ಕಡಮೆಯಾದ ಅಂತರದಿಂದ ಏರಿದ ಶ್ರುತಿಯಲ್ಲಿಯೂ ಕೇಳಿಸಿದುವು. ತಟ್ಟೆಯೊಡನೆ ನುಡಿಸಿ ಅಭ್ಯಾಸಮಾಡಹೊರಟವರಿಗೆ ತಮ್ಮ ವಾದ್ಯವೇ ಅಪಶ್ರುತಿಯಾಗಿ ತೋರುತ್ತಿದ್ದಿತು. ಜೊತೆಯ ಇನ್ನೊಂದು ಯಂತ್ರದಲ್ಲಿ ಸರಿಯಾಗಿ ಮುದ್ರಿತವಾಗಿದ್ದ ಪ್ರತಿಯನ್ನು ಆಧರಿಸಿ ೧೯೯೨ರಲ್ಲಿ, ಅಂದರೆ ಮೂವತ್ತಮೂರು ವರ್ಷಗಳ ತರುವಾಯ, ಈ ತಪ್ಪು ತಿದ್ದಲ್ಪಟ್ಟಿತು.

ಎರಡನೆಯ ದೋಷವು ಪ್ರಕೃತ ವಿಚಾರಕ್ಕೆ ಇನ್ನೂ ಹತ್ತಿರವಾದುದು. ಮೊದಮೊದಲ ಪ್ರತಿಗಳಲ್ಲಿ ಎರಡನೆಯ ಮುಖದ ‘ಆಲ್ ಬ್ಲೂಸ್’, ‘ಫ್ಲಾಮೆಂಕೊ ಸ್ಕೆಚಸ್’ ಎಂಬ ಹೆಸರುಗಳು ಅದಲುಬದಲಾಗಿ ಅಚ್ಚಾದುವು. ಎವಾನ್ಸನು ಬರೆದ ಹೊದಿಕೆಯ ಟಿಪ್ಪಣಿಯ ಮುದ್ರಣದಲ್ಲಿಯೂ ಆ ವ್ಯತ್ಯಾಸವು ಸೇರಿತು. ಹನ್ನೆರಡು ಗಣಗಳ ಬ್ಲೂಸಿನ ವರ್ಣನೆಯು ಐದು ಸ್ವರಶ್ರೇಣಿಗಳ ರಚನೆಗೂ, ಅದರ ವರ್ಣನೆ ಇದಕ್ಕೂ ಅಂಟಿಕೊಂಡುವು. ಒಂದರ ಲಕ್ಷಣವನ್ನು ಮತ್ತೊಂದರ ಲಕ್ಷ್ಯಕ್ಕೆ ಹೇಳಿದಂತಾಯಿತು. ಕಿವಿಗೊಟ್ಟು ಕೇಳಿದವನಿಗೆ ಮಾತ್ರ ಈ ಪ್ರಮಾದ ಹೊಳೆಯುವಂತಿತ್ತು.

ಮೂರನೆಯದು ಕರ್ತೃತ್ವದ ಸಂದೇಹ. ‘ಬ್ಲೂ ಇನ್ ಗ್ರೀನ್’ ಮೊದಲಿನಿಂದಲೂ ಡೇವಿಸನ ಹೆಸರಿನಲ್ಲಿಯೇ ಪ್ರಕಟವಾಗಿದೆ. ಎವಾನ್ಸನಾದರೋ ಅದು ತನ್ನದೆಂದು ಹೇಳಿದನು. ಅವನು ೧೯೫೯ರ ಡಿಸೆಂಬರಿನಲ್ಲಿ ತನ್ನ ತ್ರಿಕದೊಡನೆ ಅದನ್ನು ಮತ್ತೆ ಮುದ್ರಿಸಿದಾಗ ಇಬ್ಬರ ಹೆಸರುಗಳೂ ಅಚ್ಚಾದುವು. ರಚನೆಯು ಕೆಲವೇ ಸೂಚನೆಗಳಷ್ಟಾಗಿ, ಉಳಿದುದೆಲ್ಲ ವಾದನದಲ್ಲಿ ಸಿದ್ಧಿಸುವ ಪದ್ಧತಿಯಲ್ಲಿ ಇಂಥ ವಿವಾದವು ಅನಿರೀಕ್ಷಿತವಲ್ಲ.

೪

ಇನ್ನು ಲಕ್ಷಣಪರೀಕ್ಷೆ. ಗುಚ್ಛಗಳ ಸಾಲನ್ನು ತೊರೆದು ಸ್ವರಶ್ರೇಣಿಗಳನ್ನೇ ಆಧಾರವಾಗಿ ಹಿಡಿದದ್ದು ಈ ಮುದ್ರಿಕೆಯ ಲಕ್ಷಣವೆಂಬುದು ಪೂರ್ವಪಕ್ಷ. ತಾರ್ಕಿಕರು ಹೇಳುವ ದೋಷಗಳಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ ಎಂಬ ಎರಡನ್ನು ಇಲ್ಲಿ ನೋಡಬೇಕು.

‘ಸೋ ವಾಟ್’ ರಚನೆಗೆ ಲಕ್ಷಣವು ಪೂರ್ಣವಾಗಿ ಹೊಂದುವುದು. ಮೂವತ್ತೆರಡು ಗಣಗಳ ಆವೃತ್ತಿ. ಎಂಟೆಂಟು ಗಣಗಳ ನಾಲ್ಕು ಪಾದ. ಮೊದಲೆರಡು ಪಾದಗಳೂ ಕಡೆಯ ಪಾದವೂ ಡಿ ಎಂಬ ಸ್ವರವನ್ನು ಆಧಾರವಾಗಿಟ್ಟುಕೊಂಡ ‘ಡೋರಿಯನ್’ ಶ್ರೇಣಿಯಲ್ಲಿವೆ. ಮೂರನೆಯ ಪಾದದಲ್ಲಿ ಅದೇ ಶ್ರೇಣಿಯು ಅರ್ಧಸ್ವರ ಮೇಲಕ್ಕೆ ಸರಿಯುತ್ತದೆ. ಇಷ್ಟೇ ವಿಧಿ. ಧಾಟಿಯನ್ನು ಬಾಸ್ ವಾದ್ಯವೇ ನುಡಿಸುವುದು ಅಪೂರ್ವ; ಅದರ ಪ್ರತಿಯೊಂದು ಮಾತಿಗೂ ಪಿಯಾನೊ, ಆಮೇಲೆ ಊದುವ ವಾದ್ಯಗಳು ಎರಡೇ ಗುಚ್ಛಗಳಿಂದ ಉತ್ತರ ಕೊಡುವುವು.

‘ಫ್ಲಾಮೆಂಕೊ ಸ್ಕೆಚಸ್’ ರಚನೆಗೂ ಲಕ್ಷಣವು ಹೊಂದುವುದು. ಅದರಲ್ಲಿ ರಚಿತವಾದ ಧಾಟಿಯೇ ಇಲ್ಲ. ಐದು ಶ್ರೇಣಿಗಳ ಅನುಕ್ರಮ ಮಾತ್ರ ನಿಯತವಾಗಿದ್ದು, ಒಂದೊಂದರಲ್ಲಿ ಎಷ್ಟು ಹೊತ್ತು ತಂಗಬೇಕೆಂಬುದು ವಾದಕನ ಇಚ್ಛೆಗೆ ಬಿಟ್ಟದ್ದು. ನಾಲ್ಕನೆಯ ಶ್ರೇಣಿಗೆ ಸ್ಪೇನ್ ದೇಶದ ಫ್ಲಾಮೆಂಕೊ ಸಂಗೀತದ ಛಾಯೆಯಿರುವುದರಿಂದ ಈ ಹೆಸರು.

ಉಳಿದ ಮೂರರಲ್ಲಿ ಅವ್ಯಾಪ್ತಿ ತಲೆದೋರುವುದು. ‘ಫ್ರೆಡಿ ಫ್ರೀಲೋಡರ್’ ಹನ್ನೆರಡು ಗಣಗಳ ಬ್ಲೂಸ್. ನಾಲ್ಕು ನಾಲ್ಕು ಗಣಗಳ ಮೂರು ಪಾದಗಳುಳ್ಳ ಪ್ರಾಚೀನವಾದ ಬಂಧ. ಮೂರು ಪಾದಗಳೆಂದೊಡನೆ ಕನ್ನಡದ ತ್ರಿಪದಿಯು ನೆನಪಿಗೆ ಬರಬಹುದು. ಆದರೆ ತ್ರಿಪದಿಯು ಅಂಶಗಣಗಳಿಂದಾದುದರಿಂದ ಸಾಮ್ಯವು ಪಾದಸಂಖ್ಯೆಯಲ್ಲಿ ಮಾತ್ರ. ಈ ರಚನೆಯಲ್ಲಿ ಗುಚ್ಛಗಳ ಸಾಲು ರೂಢಿಯಂತೆಯೇ ಇದೆ. ಕೆಲಿಯನ್ನು ಇದಕ್ಕೆ ಆರಿಸಿದ್ದೂ ಅವನು ಬ್ಲೂಸ್ ನುಡಿಸುವುದರಲ್ಲಿ ನುರಿತವನೆಂಬುದಕ್ಕೆ ಹೊಂದಿಕೊಂಡಿದೆ. ‘ಆಲ್ ಬ್ಲೂಸ್’ ಸಹ ಹನ್ನೆರಡು ಗಣಗಳದೇ. ಗಣವು ಆರು ಮಾತ್ರೆಗಳದಾಗಿದ್ದು, ಬಾಸ್ ವಾದ್ಯವು ಒಂದೇ ಸ್ವರಪಂಕ್ತಿಯನ್ನು ಮತ್ತೆ ಮತ್ತೆ ನುಡಿಸುತ್ತಿರುವುದರಿಂದ ಶ್ರೇಣಿಯ ಸ್ಥಿರತೆ ಹೆಚ್ಚಾಗಿ ತೋರುವುದು. ಇದು ಎರಡು ಪಕ್ಷಗಳಿಗೂ ನಡುವೆ ನಿಲ್ಲುವ ರಚನೆ. ‘ಬ್ಲೂ ಇನ್ ಗ್ರೀನ್’ ಆದರೋ ಲಕ್ಷಣಕ್ಕೆ ನೇರವಾದ ವಿರೋಧ. ಅದು ಹತ್ತು ಗಣಗಳ ಚಕ್ರ. ಕೊನೆಯು ಆದಿಯೊಡನೆ ಬೆಸೆದುಕೊಂಡು ಎಲ್ಲಿ ಮುಗಿಯಿತೆಂದು ತಿಳಿಯದಂತೆ ಸುತ್ತುವುದು. ಅದರಲ್ಲಿ ಗುಚ್ಛಗಳು ಪದೇ ಪದೇ ಬದಲಾಗುತ್ತವೆ. ಅಲ್ಲದೆ ಒಬ್ಬೊಬ್ಬ ವಾದಕನ ಸರದಿಯಲ್ಲಿ ಆ ಚಕ್ರದ ಕಾಲವು ಹಿಗ್ಗುವುದೂ ಕುಗ್ಗುವುದೂ ಉಂಟು. ಹೀಗೆ ಐದರಲ್ಲಿ ಎರಡಕ್ಕೆ ಮಾತ್ರ ನಿಸ್ಸಂಶಯವಾಗಿ ಸಲ್ಲುವ ಮಾತನ್ನು ಐದಕ್ಕೂ ಲಕ್ಷಣವೆನ್ನಲಾಗದು.

ಅತಿವ್ಯಾಪ್ತಿಯೂ ಇದೆ. ಡೇವಿಸನು ೧೯೫೮ರಲ್ಲಿ ಮುದ್ರಿಸಿದ ‘ಮೈಲ್‌ಸ್ಟೋನ್ಸ್’ ಎಂಬ ರಚನೆಯಲ್ಲಿ ಇದೇ ಶ್ರೇಣಿಪದ್ಧತಿ ಆಗಲೇ ಬಂದಿತ್ತು. ಎವಾನ್ಸನು ೧೯೫೮ರ ಡಿಸೆಂಬರಿನಲ್ಲಿ ಏಕಾಂಗಿಯಾಗಿ ನುಡಿಸಿ ಮುದ್ರಿಸಿದ ‘ಪೀಸ್ ಪೀಸ್’ ಎಂಬುದರ ಎಡಗೈಯ ಆಧಾರಪಂಕ್ತಿಯೇ ‘ಫ್ಲಾಮೆಂಕೊ ಸ್ಕೆಚಸ್’ ರಚನೆಯ ಆರಂಭದಲ್ಲಿ ಕೇಳಿಬರುವುದು. ಆದುದರಿಂದ ಶ್ರೇಣಿಪದ್ಧತಿಯು ಈ ಮುದ್ರಿಕೆಯೊಂದಕ್ಕೇ ಅಸಾಧಾರಣವಾದ ಧರ್ಮವಲ್ಲ.

ಇಲ್ಲಿಯೇ ಇನ್ನೊಂದು ಐತಿಹ್ಯವನ್ನೂ ಪರಿಶೀಲಿಸಬಹುದು. ಎಲ್ಲ ರಚನೆಗಳೂ ಮುದ್ರಣಕ್ಕೆ ಕೆಲವು ಗಂಟೆಗಳ ಮುಂಚೆ ಹುಟ್ಟಿ, ಒಂದೇ ಸಲಕ್ಕೆ ತಪ್ಪಿಲ್ಲದೆ ಮುಗಿದುವೆಂದು ಹೇಳುವರು. ವಾದಕರಿಗೆ ದೊರೆತದ್ದು ಕೆಲವು ರೇಖಾಮಾತ್ರವಾದ ಸೂಚನೆಗಳೆಂಬುದು ಎವಾನ್ಸನ ಟಿಪ್ಪಣಿಯಿಂದಲೇ ವಿದಿತವಾಗುತ್ತದೆ. ಆದರೆ ‘ಪೀಸ್ ಪೀಸ್’ ಹಿಂದೆಯೇ ಇದ್ದುದರಿಂದ ಎಲ್ಲವೂ ಅಂದೇ ಹುಟ್ಟಿತೆಂಬುದು ನಿಲ್ಲದು. ಒಂದೇ ಸಲಕ್ಕೆ ಎಂಬುದೂ ಹಾಗೆಯೇ. ಆರಂಭಿಸಿ ನಿಲ್ಲಿಸಿದ ಯತ್ನಗಳು ಹಲವು ಇದ್ದುವು. ‘ಫ್ಲಾಮೆಂಕೊ ಸ್ಕೆಚಸ್’ ಎರಡು ಸಲ ಪೂರ್ಣವಾಗಿ ನುಡಿಸಲ್ಪಟ್ಟಿತು, ಅದರ ಮೊದಲ ಪಾಠವು ೧೯೯೭ರಲ್ಲಿ ಬೆಳಕಿಗೆ ಬಂದಿತು. ಉಳಿದ ನಾಲ್ಕರಲ್ಲಿ ಮೊದಲು ಪೂರ್ಣವಾಗಿ ಮುಗಿದ ವಾದನವೇ ಅಂಗೀಕೃತವಾಯಿತೆಂಬಷ್ಟು ಮಾತ್ರ ಗ್ರಾಹ್ಯ.

೫

ಮೋಡ್ ಎಂಬುದನ್ನು ಕೇಳಿದೊಡನೆ ಭಾರತೀಯ ಸಂಗೀತವನ್ನು ಬಲ್ಲವರಿಗೆ ಅದು ರಾಗವೇ ಎಂಬ ಶಂಕೆಯುಂಟಾಗುವುದು. ಸ್ವರಗಳ ಲೆಕ್ಕಕ್ಕೆ ಹೋಲಿಕೆಯಿಲ್ಲದೆ ಇಲ್ಲ. ಡೋರಿಯನ್ ಶ್ರೇಣಿಯ ಏಳು ಸ್ವರಗಳು ೭೨ ಮೇಳಕರ್ತಗಳಲ್ಲಿ ೨೨ನೆಯದಾದ ಖರಹರಪ್ರಿಯದ ಸ್ವರಗಳೇ. ಧೀರಶಂಕರಾಭರಣದ ರಿಷಭವನ್ನು ಷಡ್ಜವೆಂದು ಭಾವಿಸಿ ಗ್ರಹಭೇದ ಮಾಡಿದರೆ ಖರಹರಪ್ರಿಯವು ಬರುವಂತೆ, ಪಾಶ್ಚಾತ್ಯರ ಮೇಜರ್ ಶ್ರೇಣಿಯನ್ನು ಎರಡನೆಯ ಸ್ವರದಿಂದ ಆರಂಭಿಸಿದರೆ ಡೋರಿಯನ್ ಆಗುವುದು. ಏಳು ಸ್ವರಗಳನ್ನು ಬೇರೆ ಬೇರೆ ಸ್ವರಗಳಿಂದ ಮೊದಲಿಡುವ ಈ ಕ್ರಮಕ್ಕೆ ಭರತನ ನಾಟ್ಯಶಾಸ್ತ್ರದಲ್ಲಿ ಮೂರ್ಛನೆಯೆಂದು ಹೆಸರು. ಮೋಡ್ ಎಂಬುದು ರಾಗಕ್ಕಿಂತಲೂ ಮೂರ್ಛನೆಗೆ ಹತ್ತಿರವಾದುದು.

ರಾಗವಾಗಬೇಕಾದರೆ ಸ್ವರಗಳ ಪಟ್ಟಿ ಸಾಲದು. ಸಂಚಾರ, ಗಮಕ, ಜೀವಸ್ವರ, ನ್ಯಾಸ ಇವು ಬೇಕು. ‘ಸೋ ವಾಟ್’ ವಾದಕನಿಗೆ ಇಂಥ ಸಂಚಾರನಿಯಮ ಯಾವುದೂ ಇಲ್ಲ. ಶ್ರೇಣಿಯ ಹೊರಗಿನ ಸ್ವರವನ್ನು ಹಾಯ್ದು ಹೋದರೆ ದೋಷವೂ ಇಲ್ಲ. ಇದಕ್ಕಿಂತ ಮುಖ್ಯವಾದ ಭೇದವು ಆಧಾರಷಡ್ಜದ್ದು. ರಾಗಾಲಾಪನೆಯಲ್ಲಿ ತಂಬೂರಿಯ ಷಡ್ಜವು ಕದಲದು. ಇಲ್ಲಿ ಮೂರನೆಯ ಪಾದದಲ್ಲಿ ಆಧಾರವೇ ಅರ್ಧಸ್ವರ ಏರಿ, ಎಂಟು ಗಣಗಳ ತರುವಾಯ ಹಿಂದಿನ ಸ್ಥಾನಕ್ಕೆ ಇಳಿಯುವುದು; ರಚನೆಯ ಸ್ವಾರಸ್ಯವಿರುವುದೇ ಆ ಏರಿಳಿತದಲ್ಲಿ.

ಐತಿಹಾಸಿಕವಾಗಿಯೂ ಈ ಮುದ್ರಿಕೆಯನ್ನು ಭಾರತೀಯ ಸಂಗೀತದ ಫಲವೆನ್ನುವುದು ಯುಕ್ತವಲ್ಲ. ಕೋಲ್ಟ್ರೇನನಿಗೆ ಭಾರತದ ಸಂಗೀತದಲ್ಲಿದ್ದ ಗೌರವವು ಪ್ರಸಿದ್ಧವಾದುದು. ಅವನು ೧೯೬೧ರಲ್ಲಿ ‘ಇಂಡಿಯಾ’ ಎಂಬ ರಚನೆಯನ್ನು ನುಡಿಸಿದನು, ೧೯೬೫ರಲ್ಲಿ ಹುಟ್ಟಿದ ಮಗನಿಗೆ ಸಿತಾರ್ ವಾದಕರಾದ ರವಿಶಂಕರರ ಹೆಸರನ್ನಿಟ್ಟನು. ಆದರೆ ಇವೆಲ್ಲ ತರುವಾಯದ ಸಂಗತಿಗಳು. ಡೇವಿಸನು ೧೯೮೯ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಹೇಳಿರುವ ಮೂಲಗಳು ಬೇರೆ: ಆಫ್ರಿಕದ ಗಿನಿ ದೇಶದ ನೃತ್ಯತಂಡದಲ್ಲಿ ಕೇಳಿದ, ಹೆಬ್ಬೆರಳಿನಿಂದ ಮೀಟುವ ಸಣ್ಣ ವಾದ್ಯದ ನಾದ, ಬಾಲ್ಯದಲ್ಲಿ ಅರ್ಕನ್ಸಾ ಪ್ರಾಂತದ ಹಳ್ಳಿಯ ದಾರಿಯಲ್ಲಿ ಕತ್ತಲಲ್ಲಿ ಕೇಳಿಬಂದ ಚರ್ಚಿನ ಹಾಡು. ತಾನು ಹಿಡಿಯಬೇಕೆಂದಿದ್ದುದು ಆ ನಾದವನ್ನೆಂದೂ, ಅದು ತನ್ನ ಕೈಗೆ ಸಿಕ್ಕಲಿಲ್ಲವೆಂದೂ ಅವನು ಅಲ್ಲಿ ಒಪ್ಪಿಕೊಂಡಿದ್ದಾನೆ. ಲೋಕವೆಲ್ಲ ಸಿದ್ಧಿಯೆಂದು ಕೊಂಡಾಡಿದುದನ್ನು ಕರ್ತೃವು ಗುರಿತಪ್ಪಿದ ಯತ್ನವೆಂದು ಎಣಿಸಿದ್ದು ವಿಚಾರಾರ್ಹವಾಗಿದೆ. ಕರ್ತೃವಿನ ಸಂಕಲ್ಪದಿಂದಲೂ ಲಕ್ಷಣವನ್ನು ನಿರ್ಣಯಿಸಲಾಗದೆಂದು ಇದರಿಂದ ಸಿದ್ಧವಾಗುವುದು.

೬

ಹಾಗಾದರೆ ಸಿದ್ಧಾಂತವೇನು? ಐದು ರಚನೆಗಳಲ್ಲಿಯೂ ಸಮಾನವಾಗಿ ಕಾಣುವ ಧರ್ಮವೊಂದಿದೆ. ಅದು ವಿಧಿಯ ಅಲ್ಪತೆ ಮತ್ತು ಅದರಿಂದ ವಾದಕನ ಮೇಲೆ ಬೀಳುವ ಹೊಣೆ. ಶ್ರೇಣಿಯಿರಲಿ, ಬ್ಲೂಸ್ ಇರಲಿ, ಹತ್ತು ಗಣಗಳ ಚಕ್ರವಿರಲಿ, ಕಾಲವು ವಿಲಂಬ ಅಥವಾ ಮಧ್ಯಮ; ಧಾಟಿಗಳು ಅತಿ ಸರಳ; ಸೂಚನೆಗಳು ಒಂದು ಹಾಳೆಗೆ ಮೀರದಷ್ಟು. ಬೀಬಾಪ್ ಪದ್ಧತಿಯಲ್ಲಿ ಗುಚ್ಛಗಳ ಓಟವು ವಾದಕನನ್ನು ತಾನೇ ಕೊಂಡೊಯ್ಯುತ್ತಿತ್ತು. ಹದಿನಾರು ಗಣಗಳವರೆಗೆ ಶ್ರೇಣಿಯೊಂದೇ ನಿಂತಿರುವಲ್ಲಿ ಅಂಥ ಆಶ್ರಯವಿಲ್ಲ. ಹೇಳುವುದಕ್ಕೇನೂ ಇಲ್ಲದವನ ಬಡತನವು ಅಲ್ಲಿ ಕೂಡಲೇ ಬಯಲಾಗುವುದು.

ಇದಕ್ಕೆ ಲಕ್ಷ್ಯದಲ್ಲಿಯೇ ಪ್ರಮಾಣವಿದೆ. ‘ಸೋ ವಾಟ್’ ರಚನೆಯಲ್ಲಿ ಊದುವ ವಾದ್ಯಗಳ ಮೂವರೂ ಎರಡೆರಡು ಆವೃತ್ತಿಗಳನ್ನು, ಅವೇ ಎರಡು ಸ್ಥಾನಗಳ ಶ್ರೇಣಿಯಲ್ಲಿ ನುಡಿಸುತ್ತಾರೆ. ಡೇವಿಸನು ಚಿಕ್ಕ ಚಿಕ್ಕ ವಾಕ್ಯಗಳನ್ನು ಆಡಿ ನಿಲ್ಲುವನು; ಆ ಮೌನವು ಮುಂದಿನ ವಾಕ್ಯಕ್ಕೆ ಯತಿಯಂತೆ ಒದಗುವುದು. ಕೋಲ್ಟ್ರೇನನು ಒಂದೇ ಅಂಶವನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತ ಶೋಧಕನಂತೆ ಸಾಗುವನು. ಆಡರ್ಲಿಯು ಅಲ್ಲಿಲ್ಲದ ಗುಚ್ಛಗಳು ಇವೆಯೋ ಎಂಬಂತೆ ಹೊರಗಿನ ಸ್ವರಗಳನ್ನೂ ಧಾರಾಳವಾಗಿ ಬೆರಸಿ, ಬ್ಲೂಸಿನ ನುಡಿಗಟ್ಟುಗಳಿಂದ ಅಲಂಕರಿಸುವನು. ವಿಧಿಯೊಂದೇ, ಫಲಗಳು ಮೂರು. ವಿಧಿಯು ಅಲ್ಪವಾಗಿರುವುದರಿಂದಲೇ ಒಬ್ಬೊಬ್ಬನ ಸ್ವಭಾವವೂ ಮರೆಯಿಲ್ಲದೆ ಕಾಣುವುದು.

ಅಲ್ಪವಿಧಿಯೇ ಶ್ರೇಷ್ಠವೆಂದು ಇದರಿಂದ ಸಾಧಿಸಿದಂತಾಗದು. ಏಪ್ರಿಲ್ ೨೨ರಂದು ‘ಫ್ಲಾಮೆಂಕೊ ಸ್ಕೆಚಸ್’ ನುಡಿಸಿದ ಕೋಲ್ಟ್ರೇನನೇ ಮುಂದಿನ ಮೇ ತಿಂಗಳಿನಲ್ಲಿ, ಚೇಂಬರ್ಸನನ್ನೂ ಜೊತೆಯಲ್ಲಿಟ್ಟುಕೊಂಡು, ‘ಜಯಂಟ್ ಸ್ಟೆಪ್ಸ್’ ಎಂಬ ರಚನೆಯನ್ನು ಮುದ್ರಿಸಿದನು. ಅದು ಗುಚ್ಛಗಳ ವೇಗವೂ ಜಟಿಲತೆಯೂ ಪರಾಕಾಷ್ಠೆಗೆ ಮುಟ್ಟಿದ ರಚನೆ. ಅದೂ ಉತ್ತಮವೆಂದೇ ಮನ್ನಣೆ ಪಡೆದಿದೆ. ಬಂಧದ ಕಾಠಿನ್ಯವಾಗಲಿ ಸಡಿಲವಾಗಲಿ ತಾನಾಗಿ ಗುಣವಲ್ಲ. ಅದರೊಳಗೆ ವಾದಕನು ಏನನ್ನು ಸಾಧಿಸಿದನೆಂಬುದೇ ಗುಣ.

ಮುದ್ರಿಕೆಯ ಪ್ರಶಾಂತತೆಯನ್ನು ಕೇಳಿ ಅದು ಪ್ರಶಾಂತವಾದ ಜೀವನದಿಂದ ಬಂದುದೆಂದು ಊಹಿಸುವುದೂ ಸಲ್ಲದು. ತಟ್ಟೆಯು ಪ್ರಕಟವಾದ ಮರುವಾರವೇ, ೧೯೫೯ರ ಆಗಸ್ಟ್ ೨೫ರಂದು, ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಎಂಬ ಸಂಗೀತಶಾಲೆಯ ಮುಂದೆ ವಾದನದ ನಡುವಣ ವಿರಾಮದಲ್ಲಿ ನಿಂತಿದ್ದ ಡೇವಿಸನನ್ನು ಪೋಲೀಸರು ಹೊಡೆದು ರಕ್ತ ಸುರಿಸಿ ಸೆರೆಹಿಡಿದರು. ಆ ಶಾಲೆಯಲ್ಲಿ ಅಂದು ನುಡಿಸುತ್ತಿದ್ದವನು ಅವನೇ. ಮೊಕದ್ದಮೆಯಲ್ಲಿ ಅವನು ನಿರ್ದೋಷಿಯೆಂದು ತೀರ್ಮಾನವಾಯಿತು. ಸಂಯಮವು ಆ ತಂಡದವರಿಗೆ ಸುಲಭವಾಗಿ ದೊರೆತ ವಸ್ತುವಾಗಿರಲಿಲ್ಲ.

ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ೨೦೦೨ರಲ್ಲಿ ಈ ಮುದ್ರಿಕೆಯನ್ನು ರಾಷ್ಟ್ರೀಯ ಧ್ವನಿಸಂಗ್ರಹದಲ್ಲಿ ಸೇರಿಸಿತು. ೨೦೦೯ರ ಡಿಸೆಂಬರಿನಲ್ಲಿ ಆ ದೇಶದ ಪ್ರತಿನಿಧಿಸಭೆಯು ಅದರ ಐವತ್ತನೆಯ ವರ್ಷವನ್ನು ಗೌರವಿಸುವ ನಿರ್ಣಯವನ್ನು ಅಂಗೀಕರಿಸಿತು. ಆರು ರಚನಾದಿನಗಳ ವಾದಕರಲ್ಲ, ಎರಡೇ ದಿನ ಕೂಡಿ ನುಡಿಸಿದ ಏಳು ಮಂದಿ ವಾದಕರಲ್ಲಿ ಕಡೆಯವನಾದ ಜಿಮ್ಮಿ ಕಾಬನು ೨೦೨೦ರಲ್ಲಿ ಕಾಲವಾದನು. ಈಗ ಉಳಿದಿರುವ ಪ್ರಮಾಣವು ಲಕ್ಷ್ಯವೊಂದೇ. ಅದರ ಹೆಸರುಗಳು ಅದಲುಬದಲಾದಾಗ, ಶ್ರುತಿ ಏರಿದಾಗ, ಕರ್ತೃತ್ವವು ವಿವಾದಕ್ಕೊಳಗಾದಾಗ ನಿಜವನ್ನು ತಿಳಿಸಿದ್ದು ಕಿವಿಯೇ; ‘ಮೋಡಲ್’ ಎಂಬ ಲಕ್ಷಣವನ್ನೂ ಆ ಕಿವಿಯ ಮುಂದಿಟ್ಟು, ಎರಡು ರಚನೆಗಳಿಗೆ ಪೂರ್ಣವಾಗಿಯೂ ಒಂದಕ್ಕೆ ಅರ್ಧವಾಗಿಯೂ ಒಪ್ಪಿ, ಉಳಿದೆರಡಕ್ಕೆ ಹೇಳದೆ ಬಿಡುವುದು ನ್ಯಾಯವಾಗಿ ತೋರುವುದು.